ಏಳನೆಯವರ ಬದಲು ಎಂಟನೆಯವಳು

ನೌಕರಿ ಮುಗಿಯುವುದಕ್ಕೆ ನಾಲ್ಕೈದು ವರ್ಷ ಉಳಿದಿದ್ದಾಗ ನನಗೆ ಕಂಪ್ಯೂಟರ್ ಕಲಿಯುವ ಪಾಳಿ ಬಂತು. ಬೀದರಿನಲ್ಲಿ ಗಣಿತ ಹೇಳುವ ನಮ್ಮಂಥವರನ್ನೆಲ್ಲ ಬೇಸಿಗೆ ರಜೆಯಲ್ಲಿ ಒಂದು ಕೋಣೆಯೊಳಗೆ ಕೂಡಿಸಿದ್ದರು. ಹೊರಗೆ ಬಿಸಿಲು ಹೊಡೆಯುತ್ತಿದ್ದರೂ ಆ ಕೋಣೆ ತಣ್ಣಗಿತ್ತು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಕಲಿಸುವ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು, ನಮ್ಮ ಊರಿನವಳೇ.

ಆ ದಿನದ ಪಾಠ, ಪಟ್ಟಿಯಿಂದ ಹೆಸರು ತೆಗೆಯುವುದು. ಯಾರನ್ನು ತೆಗೆಯಬೇಕು ಎಂದು ಹೆಸರು ಹೇಳುವಂತಿಲ್ಲ. ಎಷ್ಟನೆಯ ಜಾಗದಲ್ಲಿರುವುದನ್ನು ತೆಗೆಯಬೇಕು ಎಂದು ಮಾತ್ರ ಹೇಳಬೇಕು. ನಾನು ನನ್ನ ತರಗತಿಯ ಹುಡುಗಿಯರ ಹೆಸರುಗಳನ್ನು ಒಂದರ ಕೆಳಗೊಂದು ಬೆರಳಚ್ಚಿಸಿದೆ. ಮೂರು, ಏಳು, ಹನ್ನೊಂದನ್ನು ತೆಗೆಯಿರಿ ಅಂದಳು. ಅಪ್ಪಣೆಯನ್ನು ಅದೇ ಕ್ರಮದಲ್ಲಿ ಬರೆದು ಗುಂಡಿ ಒತ್ತಿದೆ. ಪರದೆಯ ಮೇಲೆ ಹೊಸ ಪಟ್ಟಿ ಬಂತು. ಮೂರನೆಯ ಹುಡುಗಿ ಹೋಗಿದ್ದಳು, ಅದು ಸರಿ. ಆದರೆ ಏಳನೆಯವಳು ಇದ್ದಲ್ಲೇ ಇದ್ದಳು, ಎಂಟನೆಯವಳು ಇರಲಿಲ್ಲ. ಹನ್ನೊಂದನೆಯವಳು ಇದ್ದಳು, ಹದಿಮೂರನೆಯವಳು ಮಾಯವಾಗಿದ್ದಳು.

ಕಲಿಸುವ ಹುಡುಗಿ ಬಗ್ಗಿ ನೋಡಿ ನಕ್ಕಳು. "ಎಲ್ಲಾರೂ ಇಲ್ಲೇ ತಪ್ತಾರ್ರಿ ಮೇಡಂ. ಮೂರನೇದು ಹೋದ ಕೂಡ್ಲೆ ಕೆಳಗಿನವರೆಲ್ಲ ಒಂದೊಂದು ಜಾಗಾ ಮ್ಯಾಲ ಸರೀತಾರ. ನಾಕನೇದು ಮೂರಾಗ್ತದ, ಎಂಟನೇದು ಏಳಾಗ್ತದ. ಆಮ್ಯಾಗ ನೀವು ಏಳು ತೆಗಿ ಅಂದ್ರ ಮಶಿನಿಗಿ ಏನು ಗೊತ್ತು? ಆ ಜಾಗಾದಾಗ ಯಾರು ಕುಂತಾರ ಅವರನ್ನ ತೆಗೀತದ. ಅದಕ್ಕ ಕೆಳಗಿಂದ ಶುರು ಮಾಡ್ರಿ. ಮೊದ್ಲ ಹನ್ನೊಂದು, ಆಮ್ಯಾಗ ಏಳು, ಕಡೀಗಿ ಮೂರು. ಆಗ ಮ್ಯಾಲಿನವರು ಯಾರೂ ಅಲ್ಲಾಡಂಗಿಲ್ಲ."

ಅವಳ ಮಾತು ಕೇಳುತ್ತಿತ್ತು, ಆದರೆ ನನ್ನ ಬೆರಳುಗಳು ಕೀಲಿಗಳ ಮೇಲೆ ಮರಗಟ್ಟಿದ್ದವು. "ಮೇಡಂ, ಆರಾಮ ಇಲ್ಲೇನ್ರಿ?" ಎಂದು ಅವಳು ನೀರು ತಂದುಕೊಟ್ಟಳು. ಬಿಸಿಲಿಗೆ ಹೀಗಾಗಿದೆ ಅಂದೆ. ಬಿಸಿಲಿಗಲ್ಲ. ಪಟ್ಟಿಯಿಂದ ಬಿದ್ದುಹೋದ ಆ ಎಂಟನೆಯವಳು ಒಂದು ಕಾಲಕ್ಕೆ ನಾನೇ ಆಗಿದ್ದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಔರಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಶಿಕ್ಷಕಿಯಾಗಿದ್ದೆ. ಅವ್ವ ಮತ್ತು ನಾನು ಶಾಲೆಯ ಹಿಂದಿನ ಓಣಿಯಲ್ಲಿ ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ಹೈದರಾಬಾದು ರಾಜ್ಯ ಮೂರು ಪಾಲಾದಂತೆ ನಮ್ಮ ಜಿಲ್ಲೆಯೂ ಮೂರು ಪಾಲಾಯಿತು. ಉದಗೀರದ ಕಡೆಯದು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡದ ಕಡೆಯದು ಆಂಧ್ರಕ್ಕೆ, ಉಳಿದ ನಾವು ಮೈಸೂರಿಗೆ. ಶಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದೆವು. ಊರೆಲ್ಲ ಖುಷಿಯಲ್ಲಿತ್ತು. ಸರ್ಕಾರಿ ಸಂಬಳದವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಯಾರು ಯಾವ ರಾಜ್ಯದವರು, ಯಾರನ್ನು ಎಲ್ಲಿಗೆ ಹಾಕುತ್ತಾರೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಅವ್ವನಿಗಂತೂ ಸರ್ಕಾರದ ಕಾಗದವೆಂದರೇ ಜೀವ ಹಾರುತ್ತಿತ್ತು. ಅದಕ್ಕೂ ಕೆಲವು ವರ್ಷ ಹಿಂದೆ, ನಿಜಾಮರ ಆಳ್ವಿಕೆಯ ಕೊನೆಯ ದಿನಗಳ ಗಲಾಟೆಯಲ್ಲಿ, ಕೈಯಲ್ಲಿ ಕಾಗದ ಹಿಡಿದವರು ನಮ್ಮ ಓಣಿಗೆ ಬಂದು ಗಂಡಸರ ಹೆಸರು ಕೂಗಿದ್ದರು. ಅಪ್ಪ ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಇಳಿದು ಕೂತ. ಅವರು ಹೋದ ಮೇಲೆ ಮುಚ್ಚಳ ತೆಗೆದು ಮೇಲೆತ್ತಿದಾಗ ಅವನಿಗೆ ಉಸಿರೇ ಬರುತ್ತಿರಲಿಲ್ಲ. ಆ ದಿನ ಉಳಿದುಕೊಂಡ. ಆದರೆ ಎದೆ ಮತ್ತೆ ಸರಿಹೋಗಲಿಲ್ಲ, ಬಹಳ ಕಾಲ ಬಾಳಲೂ ಇಲ್ಲ.

ನಮ್ಮ ಶಾಲೆಯ ಬಗಲಿಗೆ ಗಂಡುಮಕ್ಕಳ ಶಾಲೆ. ಅಲ್ಲಿ ಉದಗೀರದಾಚೆಯ ಹಳ್ಳಿಯ ಒಬ್ಬ ಮಾಸ್ತರರಿದ್ದರು. ಮನೆಮಾತು ಮರಾಠಿ. ಊರಿನಲ್ಲಿದ್ದ ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು. ರಾಜ್ಯ ಒಡೆಯುತ್ತದೆ ಎಂದು ಗೊತ್ತಾದ ಕೂಡಲೇ ತಮ್ಮನ್ನು ಆ ಕಡೆಗೆ ಕಳಿಸಿಬಿಡಿ ಎಂದು ಅವರು ಅರ್ಜಿ ಕೊಟ್ಟಿದ್ದರು. ಬಾವಿಯ ಹತ್ತಿರ ಸಿಕ್ಕಾಗಲೆಲ್ಲ "ಇನ್ನ ನಾಲ್ಕು ದಿನ ಬಾಯಿ, ಹೊಂಟೆ ನಾ" ಅನ್ನುತ್ತಿದ್ದರು. ಶಿಕ್ಷಕಿಯರನ್ನು ಆಗ ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದರು. ಟ್ರಂಕಿಗೆ ಹಗ್ಗ ಕೂಡ ಬಿಗಿದಿಟ್ಟಿದ್ದರು.

ಹುಕುಂ ಬಂದದ್ದು ಅವರಿಗಲ್ಲ, ನನಗೆ.

ನಮ್ಮ ಶಾಲೆಯ ಹಿರಿಯ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ನನ್ನನ್ನು ಕರೆದು ಕಾಗದ ಕೈಗಿಟ್ಟರು. ಈ ಜಿಲ್ಲೆಯ ಶಿಕ್ಷಕರ ಪಟ್ಟಿಯಿಂದ ನನ್ನನ್ನು ತೆಗೆಯಲಾಗಿದೆ, ಉದಗೀರದ ಕಚೇರಿಗೆ ಹೋಗಿ ಹಾಜರಾಗಬೇಕು ಎಂದಿತ್ತು. ಮೂರು ಸಲ ಓದಿದೆ. ಅಕ್ಷರ ಓಡುತ್ತಿದ್ದವು.

"ನಾ ಎಲ್ಲೂ ಅರ್ಜಿ ಕೊಟ್ಟಿಲ್ರಿ ಬಾಯಾರ. ನನಗ ಮರಾಠಿ ಬರೂದಿಲ್ಲ. ಅಲ್ಲಿ ನಮ್ಮವರು ಯಾರೂ ಇಲ್ಲ."

"ನನಗೂ ತಿಳೀವಲ್ದು," ಅಂದರು ಅವರು. ಕೆಟ್ಟವರಲ್ಲ, ಅವರ ದನಿಯೂ ಅಳುಕಿತ್ತು. "ಆದ್ರ ಫೆಹರಿಸ್ತಿನಾಗ ಹೆಸರಿಲ್ಲಂದ್ರ ನಾ ಹಾಜರಿ ಹಾಕ್ಲಿಕ್ಕಿ ಬರಂಗಿಲ್ಲ. ನಾಳಿಂದ ಬರಬ್ಯಾಡ್ರಿ."

ಫೆಹರಿಸ್ತು ಅಂದರೆ ಪಟ್ಟಿ. ಆಗ ನಮ್ಮ ಕಡೆ ಎಲ್ಲರೂ ಅದೇ ಮಾತು ಆಡುತ್ತಿದ್ದರು. ಆ ಮಧ್ಯಾಹ್ನ ಮಕ್ಕಳು ಮಗ್ಗಿ ಹೇಳುತ್ತಿದ್ದದ್ದು ಕೇಳುತ್ತಲೇ ನಾನು ಅಂಗಳ ದಾಟಿದೆ. ನನ್ನ ಜಾಗ ಖಾಲಿ ಬಿದ್ದಿತ್ತು. ಮಕ್ಕಳಿಗೆ ಅದು ಗೊತ್ತೂ ಇರಲಿಲ್ಲ.

ಅವ್ವ ಕಾಗದವನ್ನು ಮುಟ್ಟಲೂ ಇಲ್ಲ. ಬಾಗಿಲು ಹಾಕಿ ಅಗುಳಿ ಸರಿಸಿದಳು. "ಕಾಗದಾ ಬಂದ ಕಡಿಗಿ ನಾವs ನಡ್ಕೊಂತ ಹೋಗಬಾರದು. ಸುಮ್ನ ಮನ್ಯಾಗ ಕೂಡು. ಮರೀತಾರ."

"ಮರತ್ರ ಉಪವಾಸ ಸಾಯ್ತೇವಿ ಅವ್ವಾ."

"ಉಪವಾಸ ಇದ್ರ ಇರೋಣ. ಹೋದವರು ತಿರುಗಿ ಬರಂಗಿಲ್ಲ." ಎದೆಯ ಮೇಲಿನ ಲಿಂಗವನ್ನು ಸೆರಗಿನ ಸಮೇತ ಮುಷ್ಟಿಯಲ್ಲಿ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಕೂತಳು.

ಆದರೂ ನಾನು ಬೀದರಿಗೆ ಹೊರಟೆ. ಧೈರ್ಯದಿಂದಲ್ಲ. ಮನೆಯೊಳಗೆ ಕೂತು ಯಾರಾದರೂ ಬಾಗಿಲು ಬಡಿಯುತ್ತಾರೇನೋ ಎಂದು ಕಾಯುವುದು ಇನ್ನೂ ಭಯವಾಗಿತ್ತು. ಉದಗೀರದ ಮಾಸ್ತರರೂ ಅದೇ ಬಸ್ಸಿಗೆ ಬಂದರು. ತಮಗೆ ಬರಬೇಕಾದ ಹುಕುಂ ಯಾಕೆ ಬರಲಿಲ್ಲ ಎಂದು ಕೇಳಬೇಕಿತ್ತು ಅವರಿಗೆ. ಹೆಂಗಸರ ಸೀಟಿನಲ್ಲಿ ನಾನು, ಎರಡು ಸಾಲು ಮುಂದೆ ಅವರು. ಮಾಂಜ್ರಾ ನದಿ ದಾಟುವಾಗ ಹಿಂದಕ್ಕೆ ತಿರುಗಿ, "ಬಾಯಿ, ನಿಮಗ ಬ್ಯಾಡಾದ್ದು ನಿಮಗ ಬಂತು. ನನಗ ಬೇಕಾದ್ದು ನನಗ ಬರಲಿಲ್ಲ. ಆಕಿ ಜೀವ ಇರೂದರೊಳಗ ನಾ ಮುಟ್ಟತೇನಿ ಏನು?" ಎಂದರು.

ಕಚೇರಿ ಹಳೆಯ ಕಲ್ಲಿನ ಕಟ್ಟಡ. ವರಾಂಡದ ತುಂಬ ಜನ, ಆದರೂ ಗದ್ದಲವಿಲ್ಲ. ಎಲ್ಲರೂ ಪಿಸುಮಾತಿನಲ್ಲಿದ್ದರು. ಒಳಗಿದ್ದ ಅಧಿಕಾರಿ ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು. ಅವರ ಪಕ್ಕದ ಮೇಜಿನಲ್ಲಿ ನಮ್ಮ ಹಳೆಯ ಮುನ್ಶಿ ಸಾಹೇಬರು, ನಿಜಾಮರ ಕಾಲದಿಂದ ಕಾಗದ ಬರೆದುಕೊಂಡು ಬಂದ ಗುಮಾಸ್ತರು. ನಮ್ಮ ಸರದಿ ಬಂದಾಗ ನನಗೆ ಹೊಸ್ತಿಲು ದಾಟಲಾಗಲಿಲ್ಲ. ಮಾಸ್ತರರೇ ಕರೆದುಕೊಂಡು ಹೋದರು.

"ಯಾಕಮ್ಮಾ ಹೀಗೆ ನಡುಗ್ತಿದ್ದೀರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ," ಅಂದರು ಅಧಿಕಾರಿ. ಅಂಥ ಕನ್ನಡ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೆತ್ತಗಿತ್ತು. ಬೈಯುತ್ತಿದ್ದಾರೋ ಸಮಾಧಾನ ಮಾಡುತ್ತಿದ್ದಾರೋ ತಿಳಿಯದೆ ನಿಂತೇ ಇದ್ದೆ.

ಮಾಸ್ತರರು ಇಬ್ಬರ ಕಥೆಯನ್ನೂ ಹೇಳಿದರು. ಅಧಿಕಾರಿ ಮುನ್ಶಿ ಸಾಹೇಬರನ್ನು ಕೇಳಿದರು. ಅವರು ಎದ್ದು ನಿಂತು, "ಹುಕುಂ ಹ್ಯಾಂಗಿತ್ತೋ ಹಂಗs ಮಾಡೇನಿ ಹುಜೂರ್. ಮೂರು, ಏಳು, ಹನ್ನೊಂದು ನಂಬರ್ ತೆಗೀಬೇಕಂತ ಇತ್ತು. ಒಂದು ತೆಗದೆ, ಫೆಹರಿಸ್ತು ಸಾಫ್ ಬರದೆ. ಇನ್ನೊಂದು ತೆಗದೆ, ಮತ್ತ ಸಾಫ್ ಬರದೆ. ಕಾಟು ಚಿತ್ತು ಒಂದೂ ಇಲ್ಲ, ನೋಡ್ರಿ," ಎಂದು ಕೊನೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಮುತ್ತು ಪೋಣಿಸಿದಂಥ ಅಕ್ಷರ.

"ಮೊದಲನೇ ಪಟ್ಟಿ ಎಲ್ಲಿ? ಹುಕುಂ ಬಂದಾಗ ಇದ್ದದ್ದು?"

ಮುನ್ಶಿ ಸಾಹೇಬರು ಕಟ್ಟು ಬಿಚ್ಚಿ ತೆಗೆದುಕೊಟ್ಟರು. ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಉಸಿರುಬಿಟ್ಟರು. "ಇದೂ ಉರ್ದುವಲ್ಲಿದೆ. ಈ ಬೀರು ತುಂಬ ಇರೋದೆಲ್ಲ ಉರ್ದುವೇ. ನನಗೆ ಒಂದಕ್ಷರ ಬರಲ್ಲ. ನೀವು ಓದ್ತೀರೇನಮ್ಮಾ?"

ನಾನು ಉರ್ದುವಿನಲ್ಲೇ ಕಲಿತವಳು. ಆದರೆ ಮುನ್ಶಿ ಸಾಹೇಬರ ಎದುರಿಗೆ, ಅವರ ಕೈಬರಹವನ್ನು, ಅವರ ತಪ್ಪು ಹುಡುಕುವುದಕ್ಕೆಂದು ಓದಬೇಕು. ಅವರು ನನ್ನನ್ನೇ ನೋಡುತ್ತಿದ್ದರು. ಮೇಜಿನ ಮೇಲಿನ ಕಟ್ಟನ್ನು ಬಿಗಿದರು, ಮತ್ತೆ ಬಿಚ್ಚಿದರು. ಅವರಿಗೂ ಭಯವಾಗಿದೆ ಎಂದು ಆಗ ನನಗೆ ಗೊತ್ತಾಯಿತು. ಅದರಿಂದ ನನ್ನ ಭಯ ಕಡಿಮೆಯಾಗಲಿಲ್ಲ, ಇನ್ನಷ್ಟು ಹೆಚ್ಚಿತು.

ಒಂದರಿಂದ ಓದುತ್ತ ಹೋದೆ. ಏಳನೆಯ ನಂಬರಿಗೆ ಬಂದಾಗ ಉದಗೀರದ ಮಾಸ್ತರರ ಹೆಸರು. ಎಂಟನೆಯದು ನನ್ನದು. ನನ್ನ ಹೆಸರನ್ನು ನಾನೇ ಎರಡು ಸಲ ಓದಿದೆ.

ಮುನ್ಶಿ ಸಾಹೇಬರು ಎರಡೂ ಹಾಳೆಯನ್ನು ಜೋಡಿಸಿ ನೋಡಿದರು. ಮೂರನೆಯವರು ಹೋದ ಮೇಲೆ ಹೊಸದಾಗಿ ಬರೆದ ಪಟ್ಟಿಯಲ್ಲಿ ನಾನು ಏಳನೆಯ ಜಾಗಕ್ಕೆ ಏರಿದ್ದೆ. ಅವರು ಏಳನೆಯ ಜಾಗದಲ್ಲಿದ್ದ ನನ್ನನ್ನೇ ತೆಗೆದು ಉದಗೀರಕ್ಕೆ ಬರೆದಿದ್ದರು. ಮುನ್ಶಿ ಸಾಹೇಬರು ಕುರ್ಚಿಯ ಮೇಲೆ ಕುಸಿದರು.

"ಸರಿ ಬಿಡಿ, ನಿಮ್ಮದೂ ಇವರದೂ ಅದಲುಬದಲಾಗಿದೆ. ಈಗಲೇ ಬರೆದುಕೊಡ್ತೀನಿ," ಎಂದು ಅಧಿಕಾರಿ ಲೇಖನಿ ತೆಗೆದರು. ಮಾಸ್ತರರು ನಿಂತಲ್ಲೇ ಅತ್ತುಬಿಟ್ಟರು. ಅವರು ಆ ಸಂಜೆಯ ಗಾಡಿಗೇ ಉದಗೀರಕ್ಕೆ ಹೋದರು. ಟ್ರಂಕನ್ನು ಕೂಡ ಆಮೇಲೆ ಯಾರ ಕೈಯಲ್ಲೋ ತರಿಸಿಕೊಂಡರು. ಅವರು ಮುಟ್ಟಿದಾಗ ಹೆಂಡತಿ ಮಾತಾಡುವ ಸ್ಥಿತಿಯಲ್ಲಿದ್ದರಂತೆ. ಅದಕ್ಕಿಂತ ಹೆಚ್ಚಿಗೆ ನಾನು ವಿಚಾರಿಸಲಿಲ್ಲ.

ಕಾಗದವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ವರಾಂಡದ ಮೆಟ್ಟಿಲಿಗೆ ಬಂದೆ. ಅಳಬೇಕೆನಿಸುತ್ತಿತ್ತು, ನಗಬೇಕೆನಿಸುತ್ತಿತ್ತು. ಅಷ್ಟರಲ್ಲಿ ಒಂದು ಲೆಕ್ಕ ತಲೆಗೆ ಬಂತು. ಹುಕುಮಿನಲ್ಲಿ ಮೂರು ನಂಬರುಗಳಿದ್ದವು. ಎರಡನೆಯ ಸಲ ಒಂದು ಜಾಗ ತಪ್ಪಿದ್ದರೆ, ಮೂರನೆಯ ಸಲ ಎರಡು ಜಾಗ ತಪ್ಪಿರಬೇಕಲ್ಲ? ಹನ್ನೊಂದನೆಯವರ ಬದಲು ಯಾರೋ ಹೋಗಿದ್ದಾರೆ.

ತಿರುಗಿ ಒಳಗೆ ಹೋಗಲು ಹೆದರಿಕೆ. ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರೆ ನನ್ನ ಹೆಸರು ಮತ್ತೆಲ್ಲಿಗೆ ಸರಿಯುತ್ತದೋ, ಯಾರಿಗೆ ಗೊತ್ತು? ಕೊನೆಗೆ ಹೊಸ್ತಿಲಲ್ಲೇ ನಿಂತು ಕೇಳಿದೆ: "ಹನ್ನೊಂದನೇ ನಂಬರಿಗಿ ಯಾರನ್ನ ತೆಗದೀರಿ ಮುನ್ಶಿ ಸಾಹೇಬ್ರೆ?"

ಅವರು ಹಾಳೆಯ ಮೇಲೆ ಬೆರಳಿಟ್ಟು ಇಳಿಸಿದರು. ಬೆರಳು ಒಂದು ಕಡೆ ನಿಂತಿತು. "ಯಾ ಅಲ್ಲಾ," ಅಂದರು. ಮೊದಲ ಪಟ್ಟಿಯ ಹನ್ನೊಂದನೆಯವರು ನಾರಾಯಣಖೇಡದ ಕಡೆಗೆ ಹೋಗಬೇಕಾದ ಒಬ್ಬ ಮಾಸ್ತರರು. ತೆಗೆದದ್ದು ಹದಿಮೂರನೆಯವರನ್ನು, ಭಾಲ್ಕಿಯ ಶಾಲೆಯ ಒಬ್ಬ ವಿಧವೆ ಶಿಕ್ಷಕಿಯನ್ನು. ತೆಲುಗಿನ ಗಂಧವೂ ಇಲ್ಲದವರು.

"ಆ ಬಾಯಿ ತಕರಾರ್ ಬರೀಲಿಲ್ಲ," ಎಂದರು ಮುನ್ಶಿ ಸಾಹೇಬರು. "ಹುಕುಂ ತಗೊಂಡ್ರು, ಸಹಿ ಹಾಕಿದ್ರು. ಆಮ್ಯಾಗ ಸದ್ದೇ ಇಲ್ಲ." ಅಧಿಕಾರಿ ಆಕೆಯ ಹೆಸರು ತಿರುಗಿ ಸೇರಿಸಿ ಇನ್ನೊಂದು ಕಾಗದ ಬರೆದುಕೊಟ್ಟರು. ಮುನ್ಶಿ ಸಾಹೇಬರು ನನ್ನ ಕಡೆ ತಿರುಗಿ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮೆಲ್ಲಗೆ, "ಟಪಾಲಿಗಿ ಹಾಕಿದ್ರ ತಡ ಆಗ್ತದ ಬೇಟಿ. ನೀನೇ ಒಯ್ತಿ ಏನು?" ಎಂದರು.

ಔರಾದಿನ ಬಸ್ಸಿನವರ ಕೈಯಲ್ಲಿ ಅವ್ವನಿಗೆ ಸುದ್ದಿ ಕಳಿಸಿ ಹೊರಟೆ. ನಾನು ಒಬ್ಬಳೇ ರೈಲಿನಲ್ಲಿ ಅದೇ ಮೊದಲು ಕೂತದ್ದು. ಭಾಲ್ಕಿಯಲ್ಲಿ ಇಳಿದು ಕೇಳುತ್ತ ಕೇಳುತ್ತ ಆ ಶಿಕ್ಷಕಿಯ ಓಣಿ ಹುಡುಕಿದೆ. ಊರವರೆಲ್ಲ ಅವರನ್ನು ಅಕ್ಕೋರು ಅನ್ನುತ್ತಿದ್ದರು. ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆ. ಸದ್ದಿಲ್ಲ. ಎದುರು ಮನೆಯ ಹೆಂಗಸು ಹೊರಗೆ ಬಂದಳು.

"ಎರಡು ದಿನಾ ಆತು ಬಾಗ್ಲಾ ತೆಗದಿಲ್ಲವಾ ಆಕಿ. ಅದಕ್ಕೂ ಮೊದ್ಲ ಸಾಮಾನೆಲ್ಲ ಹಂಚಿಬಿಟ್ಟಳು. ನೋಡು, ಈ ತಾಮ್ರದ ಕೊಡ ನನಗ ಕೊಟ್ಟಾಳ. ಹಿಂದಿನ ಮನಿಯವರಿಗಿ ತನ್ನ ಆಡು ಕೊಟ್ಟಾಳ. ಎಲ್ಲಿಗಿ ಹೊಂಟಿರ್ರಿ ಅಕ್ಕೋರೆ ಅಂದ್ರ, ನನಗ ಈಗ ಊರಿಲ್ಲ ಅಂದಳು. ಸಾಯಗಾಂವದಾಗ ತಮ್ಮ ಅದಾನ, ಅಂವಗೂ ಸುದ್ದಿ ಕೊಟ್ಟಿಲ್ಲ."

ಎರಡೂ ಕೈಯಿಂದ ಬಾಗಿಲು ಗುದ್ದಿದೆ. "ಅಕ್ಕೋರೆ! ಬಾಗ್ಲಾ ತೆಗೀರಿ! ಬೀದರದಿಂದ ಬಂದೇನಿ!"

ಬಹಳ ಹೊತ್ತಿನ ಮೇಲೆ, ಬಾಗಿಲಿಗೆ ತೀರ ಹತ್ತಿರದಿಂದ ಒಂದು ಒಣ ದನಿ ಬಂತು. "ಯಾರು ಕಳಿಸ್ಯಾರ?"

ಜೀವ ಬಂದಂತಾಯಿತು. "ಕಚೇರಿಯವರು. ಕಾಗದಾ ತಂದೇನ್ರಿ."

"ಒಂದು ಕಾಗದಾ ಸಾಕು ನನಗ. ಹೋಗು."

"ಇದು ಬ್ಯಾರೆ ಅದ ಅಕ್ಕೋರೆ. ನಿಮ್ಮ ಹೆಸರು ತಿರುಗಿ ಹಾಕ್ಯಾರ. ಬೇಕಾದ್ರ ಸಂದಿಯಾಗಿಂದ ಕೊಡ್ತೇನಿ, ಓದ್ರಿ."

ಕಾಗದವನ್ನು ಬಾಗಿಲ ಕೆಳಗಿನಿಂದ ತಳ್ಳಿದೆ. ಒಳಗೆ ಅದನ್ನು ಎತ್ತಿಕೊಂಡ ಸದ್ದು ಕೇಳಿತು. ಆಮೇಲೆ ಅದೇ ಸಂದಿಯಿಂದ ಕಾಗದ ವಾಪಸು ಬಂತು. "ಇದು ಕನ್ನಡದಾಗ ಅದ. ನಾ ಮರಾಠಿ, ಉರ್ದು ಓದಿದಾಕಿ. ನೀ ಹೇಳಿದ್ದು ಖರೆ ಅಂತ ನಾ ಹ್ಯಾಂಗ ನಂಬಲಿ? ನನ್ನ ಜಾಗಾಕ್ಕ ಬಂದಾಕಿ ನೀನs ಇರಬೇಕು."

ನನಗೂ ಅಳು ಬಂತು. ಓಣಿಯ ಹೆಂಗಸರು ನೋಡುತ್ತಿದ್ದರೂ ಹೊಸ್ತಿಲ ಮೇಲೆ ಕೂತುಬಿಟ್ಟೆ. "ನನ್ನ ಹೆಸರೂ ತೆಗದಿದ್ರು ಅಕ್ಕೋರೆ. ನಂದು ಎಂಟನೇದು, ನಿಮ್ದು ಹದಿಮೂರನೇದು. ಮ್ಯಾಲಿನವರನ್ನ ತೆಗದು ಹೊಸದಾಗಿ ಬರದ್ರು, ನಾವು ಕೆಳಗಿನವರು ಮ್ಯಾಲ ಸರದ್ವಿ. ನಮ್ಮದೇನೂ ತಪ್ಪಿಲ್ಲ. ಯಾರೂ ನಮ್ಮನ್ನ ಬ್ಯಾಡ ಅಂದಿಲ್ಲ. ನಮ್ಮ ಅವ್ವನೂ ಬಾಗ್ಲಾ ಹಾಕ್ಕೊಂಡು ಕುಂತಾಳ, ನಿಮ್ಮಂಗs."

ಅಗುಳಿ ಸರಿಯಿತು.

ನನ್ನ ಅವ್ವನ ವಯಸ್ಸಿನ, ಸಣಕಲು ಹೆಂಗಸು. ಕಣ್ಣು ಒಳಗೆ ಹೋಗಿದ್ದವು. ಮನೆಯಲ್ಲಿ ಪಾತ್ರೆ ಇಲ್ಲ, ಹಾಸಿಗೆ ಇಲ್ಲ, ಕುಡಿಯಲು ಒಂದು ತಂಬಿಗೆ ನೀರು ಮಾತ್ರ. ನಡುಮನೆಯ ನೆಲದ ಮೇಲೆ ಬಾವಿಯ ಹಗ್ಗ ಸುರುಳಿ ಸುತ್ತಿ ಬಿದ್ದಿತ್ತು. ಕೊಡವನ್ನು ಎದುರು ಮನೆಗೆ ಕೊಟ್ಟವರು ಹಗ್ಗವನ್ನು ಯಾಕೆ ಉಳಿಸಿಕೊಂಡಿದ್ದರು ಎಂದು ನಾನು ಕೇಳಲಿಲ್ಲ. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಎದುರು ಮನೆಯ ಹೆಂಗಸು ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಹೋಗುವಾಗ ಆ ಹಗ್ಗವನ್ನು ಎತ್ತಿಕೊಂಡು ಹೋದಳು. ಅಕ್ಕೋರು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿಯುತ್ತಿದ್ದರು.

"ನಾ ಕಣ್ಣಿಲೆ ನೋಡ್ಬೇಕು," ಎಂದರು ಕೊನೆಗೆ. "ಬರದ ಜಾಗಾ ನೋಡ್ಬೇಕು."

ಮರುದಿನ ಇಬ್ಬರೂ ಬೀದರಿಗೆ ಬಂದೆವು. ರೈಲಿನುದ್ದಕ್ಕೂ ಅವರು ನನ್ನ ಸೆರಗಿನ ತುದಿಯನ್ನು ಹಿಡಿದೇ ಕೂತಿದ್ದರು. ನಿಲ್ದಾಣ ಬಂದಾಗಲೆಲ್ಲ, ಯಾರಾದರೂ ಹತ್ತಿ ತಮ್ಮನ್ನು ಇಳಿಸುತ್ತಾರೇನೋ ಎಂಬಂತೆ ಮುದುಡಿಕೊಳ್ಳುತ್ತಿದ್ದರು. ಅದನ್ನು ನೋಡಿ ನಾನೂ ಮುದುಡಿಕೊಳ್ಳುತ್ತಿದ್ದೆ.

ಮುನ್ಶಿ ಸಾಹೇಬರು ಎದ್ದು ನಿಂತು ಅಕ್ಕೋರಿಗೆ ತಮ್ಮ ಕುರ್ಚಿ ಕೊಟ್ಟರು. ಹೊಸ ಪಟ್ಟಿಯನ್ನು ಎದುರಿಗಿಟ್ಟರು. ಅಕ್ಕೋರು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು.

"ಇದು ಇಲ್ಲೇ ಇರ್ತದಲ್ರಿ? ಮತ್ತ ಸರಿಯಂಗಿಲ್ಲಲ್ಲ?"

"ಇರ್ತದ ಬಾಯಿ. ನಂದು ಖತಾ ಆತು, ತಪ್ಪಾತು, ಮಾಫ್ ಮಾಡ್ರಿ," ಎಂದರು ಅವರು. ಆಮೇಲೆ ಅಧಿಕಾರಿಗೆ ಕೇಳಿಸದಂತೆ, "ಮುಂದ ಇಲ್ಲಿ ಉರ್ದು ನಡ್ಯಂಗಿಲ್ಲಂತ. ನನ್ನ ಹೆಸರು ಯಾವ ಫೆಹರಿಸ್ತಿನಾಗ ಅದ ಅಂಬೂದು ನನಗs ಇನ್ನೂ ಹೇಳಿಲ್ಲ," ಎಂದರು. ಅಕ್ಕೋರು ಅವರ ಮುಖವನ್ನು ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು, ಅದನ್ನು ಒರೆಸಿ, ಅವರ ಕಡೆಗೆ ಸರಿಸಿದರು.

ಹೊರಗೆ ಬಂದ ಮೇಲೆ ಅಕ್ಕೋರು ಧಾನ್ಯದ ಪೇಟೆಯಾದ ಗಂಜಿನ ಕಡೆಗೆ ಹೊರಳಿದರು. ಜೋಳ ಕೊಳ್ಳಬೇಕು, ಮನೆಯಲ್ಲಿ ಒಂದು ಕಾಳೂ ಉಳಿಸಿಲ್ಲ ಎಂದರು. ಗಂಜಿನ ತುಂಬ ಚೀಲ ಹೊತ್ತ ಹಮಾಲರು, ಕೈಗಾಡಿಗಳು, ಕೂಗಾಟ. ಯಾರಾದರೂ ಜೋರಾಗಿ ಒಂದು ಹೆಸರು ಕೂಗಿದರೆ ಸಾಕು, ನಾವಿಬ್ಬರೂ ತಿರುಗಿ ನೋಡುತ್ತಿದ್ದೆವು. ಔರಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕೋರು ಒಂದು ಮುಷ್ಟಿ ಜೋಳ ತೆಗೆದುಕೊಂಡು, ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದರು. ನಾನು ಅವರ ಚೀಲದ ಬಾಯಿ ಹಿಡಿದು ನಿಂತೆ.